ಕೊನೆಯಲ್ಲಿ ಅವಳು ಎದ್ದು ನಿಲ್ಲಲೇಬೇಕಾ?

ಪ್ರಶ್ನೆ: ಸರ್, ನಾನು ನಲವತ್ತು ನಿಮಿಷದ ಒಂದು ಕಿರುಚಿತ್ರ ಮಾಡುತ್ತಿದ್ದೇನೆ. ನಾಯಕಿಗೆ ಇಪ್ಪತ್ತೆಂಟು ವರ್ಷ. ಅಪಘಾತವಾದ ಮೇಲೆ ವೀಲ್‌ಚೇರ್ ಬಳಸುತ್ತಾಳೆ. ಅವಳ ಗೆಳೆಯನಿಗೆ ಕಿವಿ ಕೇಳುವುದಿಲ್ಲ, ಅವನಿಂದ ಸ್ವಲ್ಪ ಹಾಸ್ಯ ಬರುತ್ತದೆ. ಕೊನೆಯ ದೃಶ್ಯದಲ್ಲಿ ನಾಯಕಿ ಎದ್ದು ನಿಲ್ಲುತ್ತಾಳೆ. ಒಳ್ಳೆಯ ನಟಿ ಸಿಕ್ಕಿದ್ದಾರೆ, ಆದರೆ ಅವರಿಗೆ ಅಂಗವೈಕಲ್ಯ ಇಲ್ಲ. ನಿಜವಾಗಿ ವೀಲ್‌ಚೇರ್ ಬಳಸುವವರನ್ನೇ ಹಾಕಬೇಕು ಅಂತ ಸ್ನೇಹಿತರು ಹಟ ಹಿಡಿದಿದ್ದಾರೆ. ನಟನೆ ಅಂದರೆ ಬೇರೆಯವರಾಗುವುದೇ ಅಲ್ವಾ? ಸಂಭಾಷಣೆಯಲ್ಲಿ ಯಾವ ಪದ ಬಳಸಬೇಕು? ದುಡ್ಡು ಕಡಿಮೆ ಇದೆ. ಯಾರ ಮನಸ್ಸಿಗೂ ನೋವಾಗಬಾರದು ಅನ್ನುವುದೇ ನನ್ನ ಆಸೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾರಿಗೂ ನೋವಾಗಬಾರದು ಅಂತ ಹೊರಟ ಎಷ್ಟೋ ಚಿತ್ರಕಥೆಗಳನ್ನು ನಾನು ಓದಿದ್ದೇನೆ. ಅವುಗಳಲ್ಲಿ ವೀಲ್‌ಚೇರ್ ಮೇಲೆ ಕೂತವರಿಗೆ ಸಿಟ್ಟೇ ಬರುವುದಿಲ್ಲ. ಅವರು ಸುಳ್ಳು ಹೇಳುವುದಿಲ್ಲ, ಸಾಲ ಮಾಡುವುದಿಲ್ಲ, ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಳ್ಳುವುದಿಲ್ಲ. ಕಿಟಕಿ ಪಕ್ಕ ಕೂತು ಮಳೆ ನೋಡುತ್ತಾರೆ, ಅಷ್ಟೇ. ನಾನು ಚಿಕ್ಕಂದಿನಲ್ಲಿ ಪೋಲಿಯೋ ಬಂದು ಊರುಗೋಲು ಹಿಡಿದವನು. ಇಷ್ಟು ವರ್ಷದಲ್ಲಿ ಕಿಟಕಿ ಪಕ್ಕ ಕೂತು ಮಳೆ ನೋಡಿದ್ದಕ್ಕಿಂತ, ಮಳೆಗೆ ಊರುಗೋಲು ಜಾರುತ್ತದೆ ಅಂತ ಶಾಪ ಹಾಕಿದ್ದೇ ಜಾಸ್ತಿ.

ಹಾಗಾಗಿ ನಟಿ ಯಾರು ಅನ್ನುವ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಇದನ್ನು ಕೇಳಿಕೊಳ್ಳಿ. ನಿಮ್ಮ ಕಥೆಯಲ್ಲಿ ಅಂಗವೈಕಲ್ಯಕ್ಕೆ ನೀವು ಏನು ಕೆಲಸ ಹಚ್ಚಿದ್ದೀರಿ?

ಕಥೆಗಾರರು ಅದಕ್ಕೆ ಕೆಲಸ ಹಚ್ಚುವುದು ಹಳೆಯ ಅಭ್ಯಾಸ. ಪಾಪ ಮಾಡಿದವನಿಗೆ ಶಿಕ್ಷೆಯಾಗಿ ಕಣ್ಣು ಹೋಗುತ್ತದೆ. ಒಳ್ಳೆಯವರ ಒಳ್ಳೆತನ ತೋರಿಸಲು ಪಕ್ಕದಲ್ಲಿ ಒಬ್ಬ ಕುಂಟ ತಮ್ಮ ಇರುತ್ತಾನೆ. ಖಳನಾಯಕನ ಮುಖದ ಮೇಲೆ ಗಾಯದ ಗುರುತು ಇರುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ, ಗುರುತು ನೋಡಿದ ತಕ್ಷಣ ಕೆಟ್ಟವನು ಅಂತ ಗೊತ್ತಾಗಬೇಕು. ಈ ಕೊನೆಯದರಿಂದ ಬೇಸತ್ತ, ಮುಖದ ಮೇಲೆ ಸುಟ್ಟ ಅಥವಾ ಗಾಯದ ಗುರುತು ಇರುವ ಜನರು ಬ್ರಿಟನ್ನಿನಲ್ಲಿ 'ನಾನು ನಿಮ್ಮ ಖಳನಾಯಕ ಅಲ್ಲ' ಅಂತ ಅಭಿಯಾನ ನಡೆಸಿದರು. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಗಾಯದ ಗುರುತನ್ನು ಕೆಟ್ಟತನದ ಗುರುತಾಗಿ ಬಳಸುವ ಸಿನಿಮಾಗಳಿಗೆ ಹಣ ಕೊಡುವುದಿಲ್ಲ ಎಂದಿತು. ಕಲೆಗೆ ಅಡ್ಡಿ ಅಂತ ಕೆಲವರಿಗೆ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ಮುಖಕ್ಕೆ ಮೇಕಪ್ ಹಚ್ಚಿ ಖಳನನ್ನು ತೋರಿಸುವುದು ಸೋಮಾರಿತನ. ಅದನ್ನು ಕಲೆ ಅಂತ ಕರೆಯುವುದು ಕಷ್ಟ.

ಇವತ್ತು ಜಾಸ್ತಿ ಕಾಣುವುದು ಇನ್ನೊಂದು ಕೆಲಸ, ಸ್ಫೂರ್ತಿ ತುಂಬುವುದು. ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್ ಇದರ ಬಗ್ಗೆ ಬರೆದಷ್ಟು ಖಾರವಾಗಿ ಬೇರೆ ಯಾರೂ ಬರೆದಿಲ್ಲ. ಅವರು ಪತ್ರಕರ್ತೆ, ಹಾಸ್ಯ ಕಲಾವಿದೆ, ವೀಲ್‌ಚೇರ್ ಬಳಸುತ್ತಿದ್ದವರು. ಹಿಂದೆ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರಂತೆ. ತರಗತಿ ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತು. ಒಬ್ಬ ಹುಡುಗ ಕೈ ಎತ್ತಿ, 'ಮಿಸ್, ನೀವು ಭಾಷಣ ಯಾವಾಗ ಶುರು ಮಾಡುತ್ತೀರಿ?' ಎಂದು ಕೇಳಿದ. ವೀಲ್‌ಚೇರಿನಲ್ಲಿ ಶಾಲೆಗೆ ಬಂದವರು ಸ್ಫೂರ್ತಿಯ ಭಾಷಣ ಮಾಡಲಿಕ್ಕೇ ಬಂದಿರುತ್ತಾರೆ ಅಂತ ಅವನ ಲೆಕ್ಕ. ಪಾಠ ಮಾಡುವ ಮೇಷ್ಟ್ರು ಹಾಗೆ ಇರಬಹುದು ಅನ್ನುವುದು ಆ ಹುಡುಗನ ತಲೆಗೇ ಬಂದಿರಲಿಲ್ಲ. ಅವನ ತಪ್ಪಲ್ಲ. ಅವನು ನೋಡಿದ ಟಿವಿಯಲ್ಲಿ ಅಂಥ ಮೇಷ್ಟ್ರು ಇರಲಿಲ್ಲ. ಸ್ಟೆಲ್ಲಾ 2014ರ ಒಂದು ಭಾಷಣದಲ್ಲಿ ಈ ಕಥೆ ಹೇಳಿ, ಮೆಟ್ಟಿಲು ನೋಡಿ ಎಷ್ಟು ನಕ್ಕರೂ ಅದು ರ‍್ಯಾಂಪ್ ಆಗುವುದಿಲ್ಲ ಎಂದರು. ಮನಸ್ಸು ಗಟ್ಟಿ ಮಾಡಿಕೊಂಡರೆ ಎಲ್ಲ ಸಾಧ್ಯ ಅನ್ನುವ ಪೋಸ್ಟರುಗಳಿಗೆ ಅದು ಉತ್ತರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಈಗ ನಿಮ್ಮ ಕೊನೆಯ ದೃಶ್ಯ. ಅವಳು ಎದ್ದು ನಿಲ್ಲುತ್ತಾಳೆ. ಯಾಕೆ? ನೀವು ಕಳಿಸಿದ ಸಾರಾಂಶದಲ್ಲಿ ಅವಳ ನಿಜವಾದ ತೊಂದರೆ ಬೇರೆಯೇ ಇದೆ. ಅಣ್ಣ ಅವಳನ್ನು ಕೇಳದೆ ಮನೆ ಮಾರಲು ಹೊರಟಿದ್ದಾನೆ. ಅವಳ ಸಹಿ ಬೇಕು, ಅವಳು ಹಾಕುವುದಿಲ್ಲ. ಗಟ್ಟಿ ಕಥೆ ಅದು. ಅದಕ್ಕೊಂದು ಕೊನೆ ಬೇಕು. ಆದರೆ ನೀವು ಮನೆಯ ಕಥೆಯನ್ನು ಅರ್ಧಕ್ಕೆ ಬಿಟ್ಟು ಕಾಲಿನ ಕಥೆಯನ್ನು ಮುಗಿಸಿದ್ದೀರಿ. ಅವಳು ಎದ್ದು ನಿಂತ ಕೂಡಲೇ ಅಣ್ಣ ಅತ್ತು ಕಾಗದ ಹರಿಯುತ್ತಾನೆ. ಅಂದರೆ ಕೂತಿದ್ದಾಗ ಅವಳ ಮಾತಿಗೆ ಬೆಲೆ ಇರಲಿಲ್ಲ, ನಿಂತ ಮೇಲೆ ಬಂತು. ನೀವು ಹಾಗೆ ಹೇಳಬೇಕು ಅಂದುಕೊಂಡಿಲ್ಲ, ನನಗೆ ಗೊತ್ತು. ತೆರೆಯ ಮೇಲೆ ಕಾಣುವುದು ಮಾತ್ರ ಅದೇ. ಬೆನ್ನುಹುರಿಗೆ ಪೆಟ್ಟು ಬಿದ್ದವರು ಮನಸ್ಸು ಮಾಡಿದರೆ ಎದ್ದು ನಿಲ್ಲಬಹುದು ಅಂತ ತೋರಿಸಿದರೆ, ನಾಳೆ ನಿಜವಾಗಿ ಅಂಥ ಪೆಟ್ಟು ಬಿದ್ದ ಹುಡುಗಿಗೆ ಮನೆಯವರು 'ನೀನೇ ಪ್ರಯತ್ನ ಮಾಡುತ್ತಿಲ್ಲ' ಅನ್ನುತ್ತಾರೆ. ನಾನು ಇದನ್ನು ಕೇಳಿಸಿಕೊಂಡು ಬೆಳೆದವನು.

ಇಲ್ಲಿ ಒಂದು ಸೂಕ್ಷ್ಮ ಇದೆ. ವೀಲ್‌ಚೇರ್ ಬಳಸುವ ಎಲ್ಲರಿಗೂ ಕಾಲು ಪೂರ್ತಿ ನಿಂತುಹೋಗಿರುವುದಿಲ್ಲ. ನಾಲ್ಕು ಹೆಜ್ಜೆ ನಡೆಯುವವರು, ಇವತ್ತು ನಡೆದು ನಾಳೆ ನಡೆಯಲಾಗದವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಎದ್ದು ನಿಲ್ಲುವುದೇ ತಪ್ಪಲ್ಲ. ಕಪಾಟಿನ ಮೇಲಿನ ಡಬ್ಬ ತೆಗೆಯಲು ಅವಳು ಎದ್ದು, ತೆಗೆದುಕೊಂಡು, ಮತ್ತೆ ಕೂರಲಿ. ಹಿನ್ನೆಲೆ ಸಂಗೀತ ಬೇಡ. ಅದನ್ನು ಪವಾಡ ಮಾಡಿದರೆ ಮಾತ್ರ ಕೆಡುತ್ತದೆ.

ಇನ್ನು ನಟಿಯ ವಿಷಯ. ನಟನೆ ಅಂದರೆ ಬೇರೆಯವರಾಗುವುದು ಅನ್ನುವ ನಿಮ್ಮ ಮಾತು ಸರಿ. ತಕರಾರು ಇರುವುದು ಆ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ ಅನ್ನುವುದರ ಬಗ್ಗೆ. ನಡೆಯುವವರು ವೀಲ್‌ಚೇರಿನವರ ಪಾತ್ರ ಮಾಡಬಹುದು. ವೀಲ್‌ಚೇರಿನವರಿಗೆ ವಕೀಲೆಯ ಪಾತ್ರ, ಕಳ್ಳಿಯ ಪಾತ್ರ, ಅತ್ತೆಯ ಪಾತ್ರ ಯಾರೂ ಕೊಡುವುದಿಲ್ಲ. ಅವರಿಗೆ ಇದ್ದ ಒಂದೇ ಪಾತ್ರವನ್ನೂ ಇನ್ನೊಬ್ಬರಿಗೆ ಕೊಟ್ಟು, ಇದು ನಟನೆಯ ಸ್ವಾತಂತ್ರ್ಯ ಅಂದರೆ ಹೇಗೆ?

ಆಸ್ಕರ್ ಇತಿಹಾಸ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಹೆರಾಲ್ಡ್ ರಸೆಲ್ ಅಂತ ಒಬ್ಬರಿದ್ದರು. 1944ರಲ್ಲಿ ಸೇನೆಯ ತರಬೇತಿಯ ವೇಳೆ ಸ್ಫೋಟವಾಗಿ ಎರಡೂ ಕೈ ಕಳೆದುಕೊಂಡರು. 1946ರ ಒಂದು ಸಿನಿಮಾದಲ್ಲಿ, ಯುದ್ಧದಿಂದ ಕೈ ಇಲ್ಲದೆ ಮರಳುವ ನಾವಿಕನ ಪಾತ್ರ ಮಾಡಿದರು. ಅದಕ್ಕೆ ಮೊದಲು ನಟನೆ ಗೊತ್ತಿರಲಿಲ್ಲ. ಪೋಷಕ ನಟ ಪ್ರಶಸ್ತಿಗೆ ಹೆಸರು ಬಂತು. ಇವರು ಗೆಲ್ಲಲಿಕ್ಕಿಲ್ಲ ಅಂದುಕೊಂಡ ಅಕಾಡೆಮಿ, ಮಾಜಿ ಸೈನಿಕರಿಗೆ ಧೈರ್ಯ ತುಂಬಿದ್ದಕ್ಕೆ ಅಂತ ಒಂದು ಗೌರವ ಪ್ರಶಸ್ತಿಯನ್ನು ತಯಾರು ಮಾಡಿ ಇಟ್ಟುಕೊಂಡಿತ್ತು. 1947ರ ಆ ರಾತ್ರಿ ಅದನ್ನು ಕೊಟ್ಟರು. ಆಮೇಲೆ ಲಕೋಟೆ ತೆರೆದರೆ ಪೋಷಕ ನಟ ಪ್ರಶಸ್ತಿಯೂ ಅವರಿಗೇ! ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದವರು ಅವರೊಬ್ಬರೇ. ಒಂದು ಕರುಣೆಗೆ, ಒಂದು ನಟನೆಗೆ. ಇಷ್ಟೆಲ್ಲ ಆದ ಮೇಲೆ ಅವರ ಮುಂದಿನ ಸಿನಿಮಾ ಬಂದದ್ದು ಯಾವಾಗ ಗೊತ್ತಾ? 1980ರಲ್ಲಿ.

1987ರಲ್ಲಿ ಮಾರ್ಲಿ ಮ್ಯಾಟ್ಲಿನ್ ಅತ್ಯುತ್ತಮ ನಟಿ ಆದರು. ಕಿವಿ ಕೇಳದ ಕಲಾವಿದರಿಗೆ ಸಿಕ್ಕ ಮೊದಲ ಆಸ್ಕರ್ ಅದು. ಅವರಿಗೆ ಆಗ ಇಪ್ಪತ್ತೊಂದು ವರ್ಷ. ಎರಡನೆಯದು ಟ್ರಾಯ್ ಕೋಟ್ಸರ್‌ಗೆ, 2022ರಲ್ಲಿ. ನಡುವೆ ಮೂವತ್ತೈದು ವರ್ಷ. ಆ ಮೂವತ್ತೈದು ವರ್ಷದಲ್ಲಿ ಅಂಗವೈಕಲ್ಯದ ಪಾತ್ರಗಳಿಗೆ ಆಸ್ಕರ್ ಬರಲಿಲ್ಲವೇ? ಧಾರಾಳವಾಗಿ ಬಂತು. ಡಸ್ಟಿನ್ ಹಾಫ್‌ಮನ್‌ಗೆ 1989ರಲ್ಲಿ, ಡೇನಿಯಲ್ ಡೇ-ಲೂಯಿಸ್‌ಗೆ 1990ರಲ್ಲಿ, ಅಲ್ ಪಚಿನೊಗೆ 1993ರಲ್ಲಿ, ಎಡ್ಡಿ ರೆಡ್‌ಮೇನ್‌ಗೆ 2015ರಲ್ಲಿ. ಎಲ್ಲರೂ ದೊಡ್ಡ ನಟರೇ, ಅನುಮಾನ ಇಲ್ಲ. ಡೇ-ಲೂಯಿಸ್ ಚಿತ್ರೀಕರಣದ ಬಿಡುವಿನಲ್ಲೂ ವೀಲ್‌ಚೇರ್ ಬಿಟ್ಟು ಏಳುತ್ತಿರಲಿಲ್ಲ, ಸೆಟ್ಟಿನವರು ಕೇಬಲ್ಲುಗಳ ಮೇಲಿಂದ ಅವರನ್ನು ಎತ್ತಿ ದಾಟಿಸುತ್ತಿದ್ದರು ಅಂತ ಈಗಲೂ ಭಕ್ತಿಯಿಂದ ಹೇಳುತ್ತಾರೆ. ಆ ಕಥೆ ಕೇಳಿದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಆ ಪಾತ್ರಕ್ಕೆ ಸೆರೆಬ್ರಲ್ ಪಾಲ್ಸಿ ಇತ್ತು, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ನಿಜವಾಗಿಯೂ ಅದು ಇರುವ ನಟ ಬಂದು ಅಷ್ಟೇ ಸಹಾಯ ಕೇಳಿದ್ದರೆ, 'ಖರ್ಚು ಜಾಸ್ತಿ ಆಗುತ್ತೆ, ಇನ್ಶೂರೆನ್ಸ್ ಸಿಗಲ್ಲ' ಅನ್ನುತ್ತಿದ್ದರು.

ಕೋಟ್ಸರ್‌ಗೆ ಪ್ರಶಸ್ತಿ ಬಂದ 'ಕೋಡಾ' ಸಿನಿಮಾದ ಹಿಂದೆಯೂ ಇದೇ ಜಗ್ಗಾಟ ನಡೆದಿತ್ತು. ಕಿವಿ ಕೇಳದ ಅಪ್ಪನ ಪಾತ್ರಕ್ಕೆ ಹೆಸರಿರುವ, ಕಿವಿ ಕೇಳುವ ನಟ ಬೇಕು ಅಂತ ಹಣ ಹಾಕುವವರ ಕಡೆಯಿಂದ ಮಾತು ಬಂದಾಗ, ಅಮ್ಮನ ಪಾತ್ರ ಮಾಡಬೇಕಿದ್ದ ಮ್ಯಾಟ್ಲಿನ್ 'ಹಾಗಾದರೆ ನಾನೂ ಇರುವುದಿಲ್ಲ' ಎಂದರು. ಆಮೇಲೆ ಆ ಸಿನಿಮಾಕ್ಕೆ ಅತ್ಯುತ್ತಮ ಚಿತ್ರದ ಪ್ರಶಸ್ತಿಯೂ ಬಂತು. ಹೆಸರಿರುವವರು ಒಬ್ಬರು ಒಳಗಿದ್ದು ಹಟ ಹಿಡಿದಿದ್ದಕ್ಕೆ ಇನ್ನೊಬ್ಬರಿಗೆ ಬಾಗಿಲು ತೆರೆಯಿತು.

ಹಾಗಾದರೆ ನಿಮ್ಮ ನಟಿಯನ್ನು ಬಿಡಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಹೌದು, ಈ ಪಾತ್ರದಿಂದ ಬಿಡಿ. ಅತ್ತಿಗೆಯ ಪಾತ್ರ ಖಾಲಿ ಇದೆ ಅಲ್ವಾ, ಅದು ಅವರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಆಮೇಲೆ ಪ್ರಾಮಾಣಿಕವಾಗಿ ಹುಡುಕಿ. 'ಹುಡುಕಿದೆವು, ಸಿಗಲಿಲ್ಲ' ಅನ್ನುವವರನ್ನು ನಾನು ಕೇಳುವುದು ಒಂದೇ. ಆಡಿಷನ್ ಎಲ್ಲಿ ಇಟ್ಟಿದ್ದಿರಿ? ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ. ಸಿಗುವುದು ಹೇಗೆ? ಕರೆಯನ್ನು ಕಲಾವಿದರ ಗುಂಪುಗಳಲ್ಲಿ ಮಾತ್ರ ಹಾಕಬೇಡಿ. ಅಂಗವಿಕಲರ ಸಂಘಟನೆಗಳಿಗೆ, ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡುವವರಿಗೆ, ಕಾಲೇಜುಗಳಿಗೆ ಕಳಿಸಿ. ಮನೆಯಿಂದಲೇ ವಿಡಿಯೋ ಕಳಿಸಬಹುದು ಅಂತ ಬರೆಯಿರಿ. ಅನುಭವ ಇಲ್ಲದವರು ಬರುತ್ತಾರೆ, ಯಾಕೆಂದರೆ ಅವರಿಗೆ ಯಾರೂ ಅನುಭವ ಕೊಟ್ಟಿಲ್ಲ. ಎರಡು ವಾರದ ತಾಲೀಮು ಸೇರಿಸಿ. ಅಪಘಾತಕ್ಕೆ ಮುಂಚೆ ಅವಳು ಓಡುವ ಫ್ಲ್ಯಾಶ್‌ಬ್ಯಾಕ್ ಇದೆಯಲ್ಲ, ಅದನ್ನು ಕಿತ್ತು ಹಾಕಿ. 'ನಡೆಯುವ ದೃಶ್ಯ ಇದೆ, ಹಾಗಾಗಿ ನಡೆಯುವ ನಟಿಯೇ ಬೇಕು' ಅನ್ನುವುದಕ್ಕೆ ಆ ಒಂದು ನಿಮಿಷದ ಫ್ಲ್ಯಾಶ್‌ಬ್ಯಾಕ್ ಬಿಟ್ಟರೆ ಬೇರೆ ಕಾರಣ ನನಗೆ ಕಾಣಲಿಲ್ಲ.

ನಾಯಕಿಯಷ್ಟೇ ಮುಖ್ಯವಾದ ಇನ್ನೊಂದು ಜಾಗ ಇದೆ. ನಿಮ್ಮ ಕಥೆಯಲ್ಲಿ ಬ್ಯಾಂಕಿನ ಮ್ಯಾನೇಜರ್ ಇದ್ದಾರೆ, ವಕೀಲರಿದ್ದಾರೆ, ಪಕ್ಕದ ಮನೆಯವರಿದ್ದಾರೆ. ಅವರಲ್ಲಿ ಒಬ್ಬರಿಗೆ ಬಿಳಿ ಕೋಲು ಇರಲಿ, ಅಥವಾ ಒಂದು ಕೈ ಇಲ್ಲದಿರಲಿ. ಅದರ ಬಗ್ಗೆ ಒಂದು ಮಾತೂ ಬೇಡ. ಪ್ರಪಂಚದಲ್ಲಿ 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ ಗಂಭೀರವಾದ ಅಂಗವೈಕಲ್ಯ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸಿನಿಮಾದ ಬೀದಿಗಳಲ್ಲಿ ಮಾತ್ರ ಆ ಆರನೆಯವರು ಕಾಣುವುದೇ ಇಲ್ಲ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೊರಗೆ ಕಾಣದ ಅಂಗವೈಕಲ್ಯವೂ ಇರುತ್ತದೆ. ಆಡಿಷನ್‌ಗೆ ಬಂದವರ ಹತ್ತಿರ ಸರ್ಟಿಫಿಕೇಟ್ ಕೇಳುವ ಪೊಲೀಸ್ ಕೆಲಸಕ್ಕೆ ಇಳಿಯಬೇಡಿ.

ಕಿವಿ ಕೇಳದ ಗೆಳೆಯನಿಗೆ ಬರೋಣ. ಅವನಿಂದ ಹಾಸ್ಯ ಬರುತ್ತದೆ ಎಂದಿದ್ದೀರಿ. ದೃಶ್ಯ ಓದಿದೆ. 'ಊಟ ಆಯ್ತಾ' ಅಂದರೆ ಅವನಿಗೆ 'ಓಟ ಆಯ್ತಾ' ಅಂತ ಕೇಳುತ್ತದೆ. ಇದು ನಮ್ಮಜ್ಜನ ಕಾಲದ ಜೋಕು, ಆಗಲೂ ನಗು ಬರುತ್ತಿರಲಿಲ್ಲ. ಹಾಗಂತ ಹಾಸ್ಯವೇ ಬೇಡ ಅನ್ನುವ ಪಂಗಡದವನು ನಾನಲ್ಲ. 2024ರ ಜುಲೈನಲ್ಲಿ ಭಾರತದ ಸುಪ್ರೀಂ ಕೋರ್ಟ್ ಒಂದು ಸಿನಿಮಾದ ವಿಷಯದಲ್ಲಿ ತೀರ್ಪು ಕೊಡುವಾಗ ಈ ಗೆರೆಯನ್ನು ಚೆನ್ನಾಗಿ ಎಳೆಯಿತು. ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಬೇರೆ, ಅಂಗವೈಕಲ್ಯದ ಬಗ್ಗೆ ಜನರಿಗಿರುವ ತಪ್ಪು ತಿಳಿವಳಿಕೆಯನ್ನು ಕೆಣಕುವ ಹಾಸ್ಯ ಬೇರೆ. ಎರಡನೆಯದಕ್ಕೆ ಉದಾಹರಣೆ ಬೇಕಿದ್ದರೆ ಬ್ರಿಟನ್ನಿನ ಲೀ ರಿಡ್ಲಿ. ಅವರಿಗೆ ಮಾತು ಬರುವುದಿಲ್ಲ. ಟೈಪ್ ಮಾಡಿದ್ದನ್ನು ಓದಿ ಹೇಳುವ ಯಂತ್ರದ ದನಿಯಲ್ಲೇ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತಾರೆ. 2018ರಲ್ಲಿ ಬ್ರಿಟನ್ನಿನ ದೊಡ್ಡ ಪ್ರತಿಭಾ ಸ್ಪರ್ಧೆ ಗೆದ್ದರು. ಜನ ನಗುವುದು ಅವರ ಜೊತೆ ಸೇರಿ, ಮಾತು ಬರುವವರ ಪೆದ್ದುತನದ ಮೇಲೆ. ನಿಮ್ಮ ದೃಶ್ಯವನ್ನೂ ಹಾಗೆ ತಿರುಗಿಸಬಹುದು. ಕಿವಿ ಕೇಳದವನ ಮುಂದೆ ಜನ ಗಂಟಲು ಹರಿದುಕೊಳ್ಳುತ್ತಾರಲ್ಲ, ಕೂಗಿದರೆ ಕೇಳಿಬಿಡುತ್ತದೆ ಅನ್ನುವ ಹಾಗೆ? ಅದನ್ನು ಅವನ ಕಣ್ಣಿನಿಂದ ತೋರಿಸಿ. ಸದ್ದಿಲ್ಲದೆ. ಬಾಯಿ, ಹಲ್ಲು, ಉಬ್ಬಿದ ನರ. ಯಾರಿಗಾದರೂ ನಗು ಬಂದೇ ಬರುತ್ತದೆ.

ಅವನು ಸನ್ನೆ ಭಾಷೆ ಆಡುತ್ತಾನೆ ಅಂದರೆ ನಿಮ್ಮ ಕ್ಯಾಮೆರಾದ ಕೆಲಸ ಬದಲಾಗುತ್ತದೆ. ಸನ್ನೆ ಭಾಷೆ ಅಂದರೆ ಸುಮ್ನೆ ಕೈ ಆಡಿಸುವುದಲ್ಲ. ಅದು ಸ್ವಂತ ವ್ಯಾಕರಣ ಇರುವ ಭಾಷೆ ಅಂತ ಭಾಷಾಶಾಸ್ತ್ರಜ್ಞ ವಿಲಿಯಂ ಸ್ಟೋಕೀ 1960ರಲ್ಲೇ ತೋರಿಸಿದ್ದರು. ಒಂದೊಂದು ದೇಶದ ಸನ್ನೆ ಭಾಷೆ ಒಂದೊಂದು ಥರ. ಹುಬ್ಬು, ಬಾಯಿ, ಭುಜದಲ್ಲೂ ವ್ಯಾಕರಣ ಇರುತ್ತದೆ. ಹಾಗಾಗಿ ಕ್ಲೋಸ್‌ಅಪ್‌ನಲ್ಲಿ ಕೈ ಕತ್ತರಿಸಿದರೆ ಮಾತು ಕತ್ತರಿಸಿದ ಹಾಗೆ. ಮಾತಾಡುವವರ ದೃಶ್ಯದಲ್ಲಿ ದನಿ ಓಡುತ್ತಿರುವಾಗ ಕೇಳುವವರ ಮುಖಕ್ಕೆ ಕಟ್ ಮಾಡಬಹುದು. ಸನ್ನೆಯಲ್ಲಿ ಹಾಗೆ ಕಟ್ ಮಾಡಿದರೆ ಸಂಭಾಷಣೆಯೇ ಮಾಯ. ಸೊಂಟದಿಂದ ಮೇಲೆ, ಇಬ್ಬರೂ ಚೌಕಟ್ಟಿನಲ್ಲಿ ಇರುವ ಹಾಗೆ ಯೋಜನೆ ಮಾಡಿ. ಸಂಕಲನಕಾರರ ಪಕ್ಕದಲ್ಲಿ ಆ ಭಾಷೆ ಗೊತ್ತಿರುವವರು ಕೂರಬೇಕು. 'ಯಾರಿಗೆ ಗೊತ್ತಾಗುತ್ತೆ ಬಿಡಿ' ಅನ್ನಬೇಡಿ. 2013ರಲ್ಲಿ ನೆಲ್ಸನ್ ಮಂಡೇಲಾ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಪ್ರಪಂಚದ ನಾಯಕರ ಪಕ್ಕದಲ್ಲಿ ನಿಂತ ಅನುವಾದಕ ಗಂಟೆಗಟ್ಟಲೆ ಅರ್ಥವಿಲ್ಲದ ಸನ್ನೆ ಮಾಡಿದ. ಕಿವಿ ಕೇಳುವ ಕೋಟಿಗಟ್ಟಲೆ ಜನರಿಗೆ ಗೊತ್ತಾಗಲಿಲ್ಲ. ಕಿವಿ ಕೇಳದವರಿಗೆ ಕೂಡಲೇ ಗೊತ್ತಾಯಿತು.

ಪದಗಳ ಬಗ್ಗೆ ಕೇಳಿದ್ದೀರಿ. ಇದರಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಪಟ್ಟಿ ಇಲ್ಲ. 'ಅಂಗವಿಕಲ' ನನಗೆ ಒಪ್ಪಿಗೆ. 'ವಿಕಲಚೇತನ' ಅಂದರೆ ಜಗಳ ಆಡುತ್ತೇನೆ. ವಿಕಲ ಆಗಿರುವುದು ನನ್ನ ಎಡಗಾಲು, ಚೇತನ ಸರಿಯಾಗಿಯೇ ಇದೆ. 'ವಿಶೇಷಚೇತನ', 'ದಿವ್ಯಾಂಗ' ಕೇಳಿದರೆ ನಗು ಬರುತ್ತದೆ. ಬಸ್ಸು ಹತ್ತಲಾಗದೆ ನಿಂತವನಿಗೆ ದಿವ್ಯ ಅನ್ನಿಸುವುದು ಕಷ್ಟ. ಆದರೆ ಆ ಪದಗಳನ್ನೇ ಇಷ್ಟಪಡುವ ಗೆಳೆಯರು ನನಗಿದ್ದಾರೆ, ಅವರನ್ನು ಅವರಿಷ್ಟದ ಹಾಗೇ ಕರೆಯುತ್ತೇನೆ. ಸನ್ನೆ ಭಾಷೆಯವರಲ್ಲಿ ಕೆಲವರಿಗೆ 'ಶ್ರವಣದೋಷ' ಹಿಡಿಸುವುದಿಲ್ಲ. ನಮ್ಮಲ್ಲಿ ದೋಷ ಇಲ್ಲ, ನಮ್ಮ ಭಾಷೆ ಬೇರೆ ಅನ್ನುತ್ತಾರೆ. 'ಕಿವುಡ-ಮೂಗ' ಅಂತ ಒಂದೇ ಉಸಿರಿನಲ್ಲಿ ಹೇಳುವುದು ಮಾತ್ರ ಬೇಡವೇ ಬೇಡ, ಅದು ಸುಳ್ಳು ಕೂಡ. ಕಿವಿ ಕೇಳದವರ ಗಂಟಲಿಗೆ ಏನೂ ಆಗಿರುವುದಿಲ್ಲ. ಪತ್ರಿಕೆಗಳ 'ಗಾಲಿಕುರ್ಚಿಗೆ ಸೀಮಿತವಾದ ಬದುಕು' ಅನ್ನುವ ಸಾಲನ್ನೂ ನಿಮ್ಮ ನಿರೂಪಣೆಯಿಂದ ತೆಗೆಯಿರಿ. ಗಾಲಿಕುರ್ಚಿ ಇಲ್ಲದಿದ್ದರೆ ಬದುಕು ಹಾಸಿಗೆಗೆ ಸೀಮಿತ ಆಗುತ್ತಿತ್ತು. ಕುರ್ಚಿ ಬಂದ ಮೇಲೆ ಬೀದಿಗೆ ಬಂತು.

ಇದೆಲ್ಲ ನಿರೂಪಣೆಗೆ, ಪತ್ರಿಕಾ ಹೇಳಿಕೆಗೆ, ಪೋಸ್ಟರಿಗೆ. ಪಾತ್ರಗಳ ಬಾಯಿಗೆ ಬೀಗ ಹಾಕಬೇಡಿ. ಸಿಟ್ಟಿನಲ್ಲಿ ಅಣ್ಣ 'ಕುಂಟಿ' ಅನ್ನಬಹುದು. ಜನ ಹಾಗೆ ಮಾತಾಡುತ್ತಾರೆ. ಆ ಮಾತಿನ ಹೊತ್ತಿಗೆ ನಿಮ್ಮ ಕ್ಯಾಮೆರಾ ಯಾರ ಕಡೆ ಇದೆ ಅನ್ನುವುದಷ್ಟೇ ನೋಡಿಕೊಳ್ಳಿ. ನಮ್ಮ ಭಾಷೆಯೇ ಹೀಗೆ ತುಂಬಿಕೊಂಡಿದೆ. ಜಾಣ ಕುರುಡು, ಕುಂಟು ನೆಪ, ಕುಂಟನಿಗೆ ಎಂಟು ಚೇಷ್ಟೆ. ಎಲ್ಲವನ್ನೂ ಗುಡಿಸಿ ಹಾಕಲು ಆಗುವುದಿಲ್ಲ, ನಾನೂ 'ಕುಂಟು ನೆಪ' ಅಂತ ಬರೆದು ಆಮೇಲೆ ನಕ್ಕಿದ್ದೇನೆ. ಆದರೆ ನಿಮ್ಮ ನಾಯಕಿಗೆ ಇವು ಒಳ್ಳೆಯ ಸಂಭಾಷಣೆ ಆಗಬಹುದು. ಅಣ್ಣ ನೆಪ ಹೇಳಿದಾಗ ಅವಳೇ 'ಇದು ಕುಂಟು ನೆಪ, ಕುಂಟಿ ನಾನಾ ನಿನ್ನ ನೆಪಾನಾ?' ಅನ್ನಲಿ. ಬೇಕಿದ್ದರೆ ಇಟ್ಟುಕೊಳ್ಳಿ.

ಸೆಟ್ಟಿನ ವಿಷಯದಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಹೇಳುತ್ತೇನೆ. ಪ್ರಾಪರ್ಟಿ ವಿಭಾಗದವರು ಆಸ್ಪತ್ರೆಯಲ್ಲಿ ರೋಗಿಯನ್ನು ತಳ್ಳುವ ವೀಲ್‌ಚೇರ್ ತರುತ್ತಾರೆ. ಅಂಥವು ಕೆಲವಕ್ಕೆ ಹಿಂದಿನ ಚಕ್ರವೂ ಚಿಕ್ಕದು. ಅದನ್ನು ಕೂತವರು ತಾವೇ ಓಡಿಸಲು ಆಗುವುದೇ ಇಲ್ಲ, ಯಾರಾದರೂ ತಳ್ಳಬೇಕು. ವರ್ಷಗಟ್ಟಲೆ ಬಳಸುವವರ ಕುರ್ಚಿ ಅವರ ಮೈ ಅಳತೆಗೆ ಹೊಂದುತ್ತದೆ, ಹಗುರ, ಬೆನ್ನು ಗಿಡ್ಡ, ಚಕ್ರ ದೊಡ್ಡದು. ತೆರೆಯ ಮೇಲೆ ಆಸ್ಪತ್ರೆಯ ಕುರ್ಚಿ ಕಂಡ ಕೂಡಲೇ ನನ್ನಂಥವರು, ಬರೆದವರಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತೇವೆ. ಕ್ಯಾಮೆರಾ ನಿಂತವರ ಎತ್ತರದಲ್ಲಿದ್ದರೆ ಇಡೀ ಸಿನಿಮಾ ಅವಳನ್ನು ಮೇಲಿನಿಂದ ನೋಡುತ್ತದೆ. ಟ್ರೈಪಾಡ್ ಇಳಿಸಲು ದುಡ್ಡು ಬೇಕಾಗಿಲ್ಲ. ಯಾರೂ ಕೇಳದೆ ಅವಳ ಕುರ್ಚಿ ತಳ್ಳಬಾರದು. ತಳ್ಳಿದರೆ ಅದು ಕಥೆಯಲ್ಲಿ ಜಗಳಕ್ಕೆ ಕಾರಣ ಆಗಬೇಕು.

ಆಮೇಲೆ ರ‍್ಯಾಂಪ್. ಕೆಲವು ವರ್ಷಗಳ ಹಿಂದೆ ನನ್ನನ್ನು ಒಂದು ಸಭಾಂಗಣಕ್ಕೆ ಮಾತಾಡಲು ಕರೆದಿದ್ದರು. ವಿಷಯ, ರಂಗಭೂಮಿಯಲ್ಲಿ ಎಲ್ಲರಿಗೂ ಅವಕಾಶ. ಬಾಗಿಲಲ್ಲಿ ಚಂದದ ರ‍್ಯಾಂಪ್ ಇತ್ತು. ಕುರ್ಚಿಯ ಸಾಲಿನವರೆಗೆ ಆರಾಮಾಗಿ ಹೋದೆ. ವೇದಿಕೆಗೆ ಆರು ಎತ್ತರದ ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಇಬ್ಬರು ಹುಡುಗರು ಬಂದು ನನ್ನನ್ನು ಕೂತಿದ್ದ ಕುರ್ಚಿ ಸಮೇತ ಎತ್ತಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನನಗೋ, ಹುಡುಗರಿಗೋ, ಇವತ್ತಿಗೂ ತಿಳಿದಿಲ್ಲ.

ಇದು ಸಣ್ಣ ಸಭಾಂಗಣದ ಕಥೆ ಮಾತ್ರ ಅಲ್ಲ. 2019ರಲ್ಲಿ ಆಲಿ ಸ್ಟ್ರೋಕರ್ ಟೋನಿ ಪ್ರಶಸ್ತಿ ಗೆದ್ದರು. ವೀಲ್‌ಚೇರ್ ಬಳಸುವವರೊಬ್ಬರು ಅಮೆರಿಕದ ರಂಗಭೂಮಿಯ ಆ ಪ್ರಶಸ್ತಿ ಗೆದ್ದಿದ್ದು ಅದೇ ಮೊದಲು. ಉಳಿದ ಕಲಾವಿದರು ಪ್ರೇಕ್ಷಕರ ಸಾಲಿನಿಂದ ಎದ್ದು ಬಂದರು. ಅವರು ಮಾತ್ರ ವೇದಿಕೆಯ ಹಿಂಭಾಗದಿಂದ ಬಂದರು, ಯಾಕೆಂದರೆ ಪ್ರೇಕ್ಷಕರ ಕಡೆಯಿಂದ ವೇದಿಕೆಗೆ ರ‍್ಯಾಂಪ್ ಇರಲಿಲ್ಲ. ನೋಡಲು ಬರುವವರಿಗೆ ಜಾಗ ಮಾಡಿರುತ್ತಾರೆ, ಆಡಲು ಬರುವವರಿಗೆ ಮಾಡಿರುವುದಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯಲ್ಲಿ ಎರಡೂ ಇವೆ. ಸಿನಿಮಾ, ನಾಟಕ, ಟಿವಿ ನೋಡುವ ಹಕ್ಕು ಒಂದು. ತಮ್ಮ ಸೃಜನಶಕ್ತಿಯನ್ನು ಬೆಳೆಸಿ ಬಳಸುವ ಹಕ್ಕು ಇನ್ನೊಂದು. ಎರಡನೆಯದನ್ನು ಓದುವವರು ಕಡಿಮೆ.

ದುಡ್ಡು ಕಡಿಮೆ ಇದೆ ಎಂದಿರಿ. ನಂಬುತ್ತೇನೆ. ಆದರೆ ಮೊದಲ ದಿನವೇ ಬಜೆಟ್ ಹಾಳೆಯಲ್ಲಿ ಒಂದು ಸಾಲು ಬರೆದಿದ್ದರೆ ಖರ್ಚು ಸಣ್ಣದಾಗಿರುತ್ತದೆ. ಎಲ್ಲ ಮುಗಿದ ಮೇಲೆ ಸೇರಿಸಿದರೆ ದುಬಾರಿ. ಮೆಟ್ಟಿಲಿಲ್ಲದ ಮನೆಯನ್ನೇ ಲೊಕೇಷನ್ ಮಾಡಿಕೊಳ್ಳಿ. ಶೌಚಾಲಯದ ಬಾಗಿಲು ಅಳೆಯಿರಿ, ಕುರ್ಚಿ ಒಳಗೆ ಹೋಗಬೇಕು, ತಿರುಗಬೇಕು. ದಿನದ ಕೆಲಸದ ಗಂಟೆ ಸ್ವಲ್ಪ ಕಡಿಮೆ ಮಾಡಿ. ಚಿತ್ರಕಥೆ ಓದಲು ಅನುಭವ ಇರುವವರನ್ನು ಕರೆಯಿರಿ, ಮೊದಲ ಕರಡಿನ ಹೊತ್ತಿಗೇ. ಅವರಿಗೆ ಸಂಭಾವನೆ ಕೊಡಿ. 'ನಿಮ್ಮವರಿಗಾಗಿಯೇ ಮಾಡುತ್ತಿದ್ದೇವೆ' ಅಂತ ಹೇಳಿ ಬಿಟ್ಟಿ ಸಲಹೆ ಕೇಳುವವರು ವರ್ಷಕ್ಕೆ ಹತ್ತು ಜನ ಸಿಗುತ್ತಾರೆ. ಶೂಟಿಂಗ್ ಮುಗಿದ ಮೇಲೆ ತೋರಿಸಿ 'ಪರವಾಗಿಲ್ಲವಾ?' ಅಂತ ಕೇಳಿದರೆ ಅದಕ್ಕೆ ಸಲಹೆ ಅನ್ನುವುದಿಲ್ಲ.

ಸಿದ್ಧವಾದ ಸಿನಿಮಾ ಯಾರು ಯಾರು ನೋಡಬಹುದು ಅನ್ನುವುದೂ ಈಗಲೇ ತೀರ್ಮಾನ ಆಗಬೇಕು. ಕ್ಯಾಪ್ಷನ್ ಅಂದರೆ ಸಬ್‌ಟೈಟಲ್ ಅಲ್ಲ. ಸಬ್‌ಟೈಟಲ್ ಭಾಷೆ ಗೊತ್ತಿಲ್ಲದವರಿಗೆ. ಕ್ಯಾಪ್ಷನ್ ಸದ್ದು ಕೇಳದವರಿಗೆ, ಅದರಲ್ಲಿ ಮಾತಿನ ಜೊತೆ ಬಾಗಿಲು ಬಡಿದದ್ದು, ತೆರೆಯ ಹೊರಗೆ ಯಾರೋ ಕರೆದದ್ದು ಎಲ್ಲ ಬರಬೇಕು. ಅಮೆರಿಕದ ಟಿವಿಯಲ್ಲಿ 1972ರಲ್ಲಿ ಒಂದು ಅಡುಗೆ ಕಾರ್ಯಕ್ರಮಕ್ಕೆ ಹೀಗೆ ಅಕ್ಷರ ಹಾಕಿ ಪ್ರಯೋಗ ಮಾಡಿದರು, 1980ರಿಂದ ಬೇಕಾದವರು ಮಾತ್ರ ಆನ್ ಮಾಡಿಕೊಳ್ಳುವ ವ್ಯವಸ್ಥೆ ಬಂತು. 'ಸಂಗೀತ' ಅಂತ ಒಂದು ಪದ ಹಾಕಿ ಕೈ ತೊಳೆದುಕೊಳ್ಳಬೇಡಿ. ಎಂಥ ಸಂಗೀತ? 'ದೂರದಲ್ಲಿ ಕೊಳಲು, ತಟ್ಟನೆ ನಿಲ್ಲುತ್ತದೆ' ಅಂತ ಬರೆಯಿರಿ. ಕಂಪ್ಯೂಟರ್ ತಾನೇ ಮಾಡುವ ಕ್ಯಾಪ್ಷನ್ ಮೊದಲ ಕರಡಿಗೆ ಸರಿ, ಹೆಸರುಗಳನ್ನು ಅದು ಚಿತ್ರಾನ್ನ ಮಾಡಿಬಿಡುತ್ತದೆ. ಮನುಷ್ಯರು ತಿದ್ದಲೇಬೇಕು. ಸನ್ನೆ ಮಾಡುವ ಕೈಗಳ ಮೇಲೆ ಅಕ್ಷರ ಕೂರದಂತೆ ನೋಡಿಕೊಳ್ಳಿ.

ಕಣ್ಣು ಕಾಣದವರಿಗೆ ಆಡಿಯೋ ಡಿಸ್ಕ್ರಿಪ್ಷನ್. ನಾನು ಹೊಟ್ಟೆ ಹೊರೆಯುವುದು ಈ ಕೆಲಸದಿಂದಲೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ. ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲಿ ನಾಟಕಕ್ಕೆ ಇದನ್ನು ಶುರು ಮಾಡಿದರು. ಸಂಭಾಷಣೆಗಳ ನಡುವಿನ ಖಾಲಿ ಜಾಗದಲ್ಲಿ, ಏನು ಕಾಣುತ್ತಿದೆ ಅಂತ ಒಂದು ದನಿ ಹೇಳುತ್ತದೆ. 'ಅವಳಿಗೆ ದುಃಖವಾಗಿದೆ' ಅಂತ ನಾವು ಹೇಳಬಾರದು. 'ಅವಳು ಸಹಿಯ ಜಾಗದ ಮೇಲೆ ಬೆರಳಿಟ್ಟಿದ್ದಾಳೆ, ಪೆನ್ನು ಮುಟ್ಟುವುದಿಲ್ಲ' ಅನ್ನಬೇಕು. ದುಃಖವನ್ನು ಕೇಳುಗರು ತಾವೇ ಕಂಡುಕೊಳ್ಳುತ್ತಾರೆ. ನಿಮ್ಮ ಚಿತ್ರಕಥೆಯಲ್ಲಿ ಅಣ್ಣ ಕಳಿಸಿದ ಮೆಸೇಜು ಮೊಬೈಲ್ ಪರದೆಯಲ್ಲಿ ಮಾತ್ರ ಕಾಣುತ್ತದೆ, ಅದೇ ಹೊತ್ತಿಗೆ ಟಿವಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ. ನನಗೆ ಬಾಯಿ ಹಾಕಲು ಜಾಗವೇ ಇಲ್ಲ. ನಾಯಕಿ ಅದನ್ನು ಗೆಳೆಯನಿಗೆ ಸನ್ನೆಯಲ್ಲಿ ಹೇಳುತ್ತ ಬಾಯಲ್ಲೂ ಓದಲಿ. ಒಂದೇ ಏಟಿಗೆ ಎರಡು ಹಕ್ಕಿ. ಬ್ರಿಟನ್ನಿನ ಗ್ರೇಐ ಅನ್ನುವ ರಂಗತಂಡ 1980ರಿಂದ ಇದೆ, ಅಂಗವಿಕಲ ಕಲಾವಿದರೇ ನಡೆಸುವ ತಂಡ. ಅವರು ಸನ್ನೆ, ಅಕ್ಷರ, ವಿವರಣೆ ಎಲ್ಲವನ್ನೂ ತಾಲೀಮಿನ ಹಂತದಲ್ಲೇ ನಾಟಕದೊಳಗೆ ನೇಯ್ದುಬಿಡುತ್ತಾರೆ. ಅಂಟಿಸಿದ ಹಾಗೆ ಕಾಣುವುದೇ ಇಲ್ಲ.

ಸಣ್ಣ ವಿಷಯ ಒಂದು ಉಳಿಯಿತು. ಅಪಘಾತದ ದೃಶ್ಯದಲ್ಲಿ ಬೆಳಕು ಪಟಪಟ ಮಿನುಗುತ್ತದೆ ಅಂತ ಬರೆದಿದ್ದೀರಿ. ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿನುಗಿಸಬೇಡಿ, ಅದರಿಂದ ಕೆಲವರಿಗೆ ಫಿಟ್ಸ್ ಬರಬಹುದು. ಜಪಾನಿನಲ್ಲಿ 1997ರ ಡಿಸೆಂಬರ್‌ನಲ್ಲಿ ಒಂದು ಕಾರ್ಟೂನಿನಲ್ಲಿ ಕೆಂಪು-ನೀಲಿ ಬೆಳಕು ಮಿನುಗಿ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು.

ಹುಡುಕಿದ ಮೇಲೂ ನಟಿ ಸಿಗದಿದ್ದರೆ ಸಿನಿಮಾ ಕೈಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಎರಡು ತಿಂಗಳು ಮುಂದೂಡಿ ಅನ್ನುತ್ತೇನೆ. ಅಷ್ಟರಲ್ಲಿ ಕೊನೆಯ ದೃಶ್ಯ ಮತ್ತೆ ಬರೆಯಿರಿ. ಅವಳು ಸಹಿ ಹಾಕುತ್ತಾಳೋ ಇಲ್ಲವೋ, ನನಗೆ ತಿಳಿಯಬೇಕಿರುವುದು ಅದೊಂದೇ. ಹೊಸ ಕರಡು ಕಳಿಸುವಾಗ ಜೊತೆಗೆ ಬಜೆಟ್ ಹಾಳೆಯನ್ನೂ ಕಳಿಸಿ. ಮೊದಲು ಅದನ್ನೇ ಓದುತ್ತೇನೆ.